ಕುಸಿದ ಡ್ರೈವರ್ ಸೀಟು: ಮೇಲೆ ತುಂಬುವ ಮುಂಚೆ ಕೆಳಗೆ ನೋಡಿ

ಪ್ರಶ್ನೆ: ನಾನು ಚಿತ್ರದುರ್ಗದವನು, ಹೈಸ್ಕೂಲ್ ಮೇಷ್ಟ್ರು. ಅಪ್ಪ 1998ರಲ್ಲಿ ಕೊಂಡ ಮಾರುತಿ 800 ಇನ್ನೂ ಓಡಿಸುತ್ತಿದ್ದೇನೆ. ದಿನಾ ಹೊಳಲ್ಕೆರೆಗೆ ಹೋಗಿ ಬರುತ್ತೇನೆ. ಡ್ರೈವರ್ ಸೀಟಿನ ಬಲಗಡೆ ಕುಸಿದಿದೆ. ಕೂತರೆ ಬಾಗಿಲ ಕಡೆಗೆ ವಾಲುತ್ತೇನೆ. ಕೆಳಗೆ ಕಾರ್ಪೆಟ್ ಮೇಲೆ ಹಳದಿ ಪುಡಿ ಬೀಳುತ್ತದೆ. ಸಂಜೆ ಹೊತ್ತಿಗೆ ಸೊಂಟ ನೋವು. ಅಂಗಡಿಯವರು ಮೇಲೆ ಎರಡಿಂಚು ಫೋಮ್ ಹಾಕಿ ಹೊಸ ರೆಕ್ಸಿನ್ ಹೊಲಿದರೆ ಸಾಕು ಎನ್ನುತ್ತಾರೆ. ದಾವಣಗೆರೆಯಲ್ಲಿರುವ ನಮ್ಮ ಭಾವ ಅರಳೆ ತುಂಬಿಸು ಎನ್ನುತ್ತಾರೆ. ಮೊಬೈಲಿನಲ್ಲಿ ಯಾರೋ ಸ್ಪ್ರೇ ಫೋಮ್ ಹೊಡೆದು ಸರಿ ಮಾಡುವುದನ್ನು ನೋಡಿದೆ. ಯಾವುದು ಸರಿ? ನಾನೇ ಮನೆಯಲ್ಲಿ ಮಾಡಿಕೊಳ್ಳಬಹುದಾ? ಅಂದ ಹಾಗೆ, ಸೀಟಿನಡಿ ಕೈ ಹಾಕಿದಾಗ ಒಂದು ತಂತಿ ನೇತಾಡುತ್ತಿರುವುದು ಸಿಕ್ಕಿತು. ಅದನ್ನು ಹಾಗೇ ಬಿಡಬಹುದು ಅಲ್ವಾ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. "ಅಂದ ಹಾಗೆ" ಅಂತ ಸುಮ್ನೆ ಸೇರಿಸಿದ್ದೀರಲ್ಲ, ಆ ನೇತಾಡುವ ತಂತಿ. ಅದೇ ಮೂಲ. ಫೋಮ್ ಸವೆದಿದ್ದು ಆಮೇಲಿನ ಕತೆ.

ಸೀಟನ್ನು ನಾವೆಲ್ಲ ಮೇಲಿನಿಂದ ನೋಡುತ್ತೇವೆ. ರೆಕ್ಸಿನ್ ಕಾಣುತ್ತದೆ, ಕುಳಿ ಕಾಣುತ್ತದೆ, ಫೋಮ್ ಹೋಯಿತು ಅಂದುಕೊಳ್ಳುತ್ತೇವೆ. ಆದರೆ ಫೋಮ್ ಗಾಳಿಯಲ್ಲಿ ನಿಂತಿರುವುದಿಲ್ಲ. ಸುತ್ತ ಕಬ್ಬಿಣದ ಫ್ರೇಮ್ ಇರುತ್ತದೆ. ಅದರ ನಡುವೆ ಹಾವಿನ ಹಾಗೆ ಬಳುಕಿಸಿದ ಸ್ಪ್ರಿಂಗ್ ತಂತಿಗಳನ್ನು ಬಿಗಿದಿರುತ್ತಾರೆ, ಮಂಚಕ್ಕೆ ನವಾರು ಬಿಗಿದ ಹಾಗೆ. ಆ ತಂತಿಗಳ ಮೇಲೆ ಒಂದು ಪದರ ಗೋಣಿಯೋ ದಪ್ಪ ಬಟ್ಟೆಯೋ ಇರುತ್ತದೆ. ಅದರ ಮೇಲೆ ಫೋಮ್. ಕೊನೆಗೆ ರೆಕ್ಸಿನ್. ನವಾರು ಒಂದು ಕಡೆ ಕಿತ್ತು ಬಂದ ಮಂಚಕ್ಕೆ ಎಷ್ಟು ದಪ್ಪ ಗಾದಿ ಹಾಸಿದರೂ ಮಲಗಿದವರು ಆ ಕಡೆಗೇ ಉರುಳುತ್ತಾರೆ. ನಿಮ್ಮ ಸೀಟಿಗೆ ಆಗಿರುವುದು ಅಷ್ಟೇ.

ಬಲಗಡೆಯೇ ಯಾಕೆ ಅಂದರೆ, ನಮ್ಮಲ್ಲಿ ಡ್ರೈವರಿನ ಬಾಗಿಲು ಬಲಗಡೆ. ಹತ್ತುವಾಗ ಮೊದಲ ಭಾರ ಬೀಳುವುದು ಸೀಟಿನ ಬಲ ಅಂಚಿನ ಮೇಲೆ. ಇಳಿಯುವಾಗ ಅದೇ ಅಂಚಿನ ಮೇಲೆ ತಿರುಗಿ, ಉಜ್ಜಿಕೊಂಡು ಇಳಿಯುತ್ತೇವೆ. ದಿನಕ್ಕೆ ಆರು ಸಲ ಹತ್ತಿ ಇಳಿದರೂ ವರ್ಷಕ್ಕೆ ಎರಡು ಸಾವಿರ ಸಲ ದಾಟುತ್ತದೆ. ನಿಮ್ಮ ಗಾಡಿಗೆ ಕಾಲು ಶತಮಾನ ಮೀರಿತು. ಮೊದಲು ಆ ಕಡೆಯ ಕೊಕ್ಕೆ ಸಡಿಲವಾಗುತ್ತದೆ. ಆಮೇಲೆ ತಂತಿ ಕೆಳಗೆ ಜಾರುತ್ತದೆ. ಫೋಮ್ ಆ ಸಂದಿಗೆ ಇಳಿಯುತ್ತದೆ. ಗಾಡಿ ಕುಲುಕಿದಾಗಲೆಲ್ಲ ಪಕ್ಕದ ತಂತಿ ಫೋಮನ್ನು ಗರಗಸದ ಹಾಗೆ ಕೊರೆಯುತ್ತದೆ. ಕಾರ್ಪೆಟ್ ಮೇಲಿನ ಹಳದಿ ಪುಡಿ ಅಲ್ಲಿಂದ ಬಂದದ್ದು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ. ಸ್ವಂತ ಕುಷನ್ ಅಂಗಡಿ ಇಟ್ಟ ಹೊಸತರಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಬಂದರು. ಸೀಟು ಕುಸಿದಿತ್ತು, ಅವರಿಗೆ ಅರ್ಜೆಂಟು. ನಾನು ಅಡಿಗೆ ಕೈಯನ್ನೇ ಹಾಕಲಿಲ್ಲ. ಮೇಲೆ ಎರಡಿಂಚು ಮೆತ್ತನೆ ಫೋಮ್ ಹಾಕಿ, ರೆಕ್ಸಿನ್ ಎಳೆದು ಹೊಲಿದು ಕಳಿಸಿದೆ. ಕೂತು ನೋಡಿ ಅವರು ಖುಷಿಯಾದರು. ಮೂರೇ ತಿಂಗಳಿಗೆ ವಾಪಸ್ ಬಂದು ಅಂಗಡಿ ಮುಂದೆ ನಿಂತು ಹೇಳಿದರು: "ಏನ್ ಸ್ವಾಮಿ ನಿಮ್ ಕೆಲ್ಸ, ಹತ್ತುವಾಗ ಗಾದಿ, ಹರಿಹರ ದಾಟಿದ್ರೆ ಹಲಗೆ!" ದಾವಣಗೆರೆಯಿಂದ ಹರಿಹರ ಎಷ್ಟು ದೂರ ಅಂತ ನಿಮಗೆ ಗೊತ್ತು. ಬಿಚ್ಚಿ ನೋಡಿದರೆ ಅಡಿಯಲ್ಲಿ ಮೂರು ಸ್ಪ್ರಿಂಗ್ ಮುರಿದು ಮಲಗಿದ್ದವು. ಅವತ್ತಿನಿಂದ ಯಾವ ಸೀಟೇ ಬರಲಿ, ಮೊದಲು ಮಗುಚಿ ನೋಡುತ್ತೇನೆ.

ಹಾಗಾಗಿ ನಿಮ್ಮ ಅಂಗಡಿಯವರು ಹೇಳಿದ್ದನ್ನು ಈಗಲೇ ಒಪ್ಪಬೇಡಿ. ಅವರು ಮೋಸಗಾರರು ಅಂತಲ್ಲ. ಗಿರಾಕಿ ಮೇಲಿನದನ್ನೇ ಕೇಳುತ್ತಾರೆ, ಅವರು ಮೇಲಿನದನ್ನೇ ಮಾಡುತ್ತಾರೆ. ಆದರೆ ಮೇಲೆ ಎರಡಿಂಚು ಏರಿಸುವುದರಲ್ಲಿ ಇನ್ನೊಂದು ತೊಂದರೆ ಇದೆ. ಮಾರುತಿ 800 ಸಣ್ಣ ಗಾಡಿ. ಸೀಟು ಎರಡಿಂಚು ಎತ್ತರವಾದರೆ ತಲೆ ರೂಫಿನ ಹತ್ತಿರ, ತೊಡೆ ಸ್ಟೀರಿಂಗ್ ಹತ್ತಿರ. ಕನ್ನಡಿಗಳನ್ನೆಲ್ಲ ಮತ್ತೆ ತಿರುಗಿಸಬೇಕು. ಕ್ಲಚ್ ಒತ್ತುವ ಕಾಲಿನ ಕೋನವೇ ಬದಲಾಗುತ್ತದೆ. ಸೀಟ್ ಬೆಲ್ಟಿನ ವಿಷಯ ಇನ್ನೂ ಮುಖ್ಯ. ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲೆ ತೀರಾ ಮೆತ್ತನೆ ಫೋಮ್ ಇದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಮೈ ಕೆಳಗೆ ಮುಳುಗಿ ಮುಂದೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಏರುತ್ತದೆ. ಹೈವೇ ಮೇಲೆ ಇದು ತಮಾಷೆಯ ಮಾತಲ್ಲ. ಸೀಟಿನ ರಿಪೇರಿ ಅಂದರೆ ಅದನ್ನು ಮೊದಲಿದ್ದ ಎತ್ತರಕ್ಕೆ, ಮೊದಲಿದ್ದ ಗಟ್ಟಿತನಕ್ಕೆ ವಾಪಸ್ ತರುವುದು. ಸೋಫಾ ಮಾಡುವುದಲ್ಲ.

ಮೊದಲಿದ್ದ ಎತ್ತರ ಎಷ್ಟು ಅಂತ ಹೇಗೆ ಗೊತ್ತಾಗಬೇಕು? ಪಕ್ಕದ ಸೀಟನ್ನು ನೋಡಿ. ನೀವು ಒಬ್ಬರೇ ಓಡಾಡುವುದು ಜಾಸ್ತಿ ಆದ್ದರಿಂದ ಎಡಗಡೆ ಸೀಟು ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಸೀಟಿನ ಎರಡೂ ಅಂಚಿಗೆ ಅಡ್ಡವಾಗಿ ಒಂದು ನೇರ ಪಟ್ಟಿ ಇಡಿ. ಮಕ್ಕಳ ಉದ್ದ ಸ್ಕೇಲ್ ಆದರೂ ಆದೀತು. ಪಟ್ಟಿಯಿಂದ ನಡುವಿನ ತಗ್ಗು ಎಷ್ಟು, ನೆಲದಿಂದ ಅಂಚು ಎಷ್ಟು ಎತ್ತರ, ಬರೆದುಕೊಳ್ಳಿ. ಮುಂದೆ ಎಲ್ಲ ಕೆಲಸಕ್ಕೂ ಅದೇ ಅಳತೆ.

ಸೀಟು ಬಿಚ್ಚುವುದು ನಿಮ್ಮಿಂದ ಖಂಡಿತ ಆಗುತ್ತದೆ. ಸೀಟನ್ನು ಪೂರ್ತಿ ಮುಂದೆ ತಳ್ಳಿದರೆ ರೈಲಿನ (ಸೀಟು ಹಿಂದೆ ಮುಂದೆ ಜಾರುವ ಕಬ್ಬಿಣದ ಹಳಿ) ಹಿಂದಿನ ಬೋಲ್ಟ್ ಕಾಣುತ್ತದೆ, ಹಿಂದೆ ತಳ್ಳಿದರೆ ಮುಂದಿನದು. ಹಳೇ ಗಾಡಿಯಲ್ಲಿ ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ರಿಂಗ್ ಸ್ಪ್ಯಾನರಿನಲ್ಲಿ ನಿಧಾನ ತಿರುಗಿಸಿ. ಓಪನ್ ಸ್ಪ್ಯಾನರ್ ಬೇಡ, ತಲೆ ಸವೆದುಹೋದರೆ ಆಮೇಲೆ ಕಷ್ಟ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. (ಇದನ್ನು ಓದುತ್ತಿರುವ ಹೊಸ ಗಾಡಿಯವರಿಗೆ ಒಂದು ಮಾತು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಅಥವಾ ಅಡಿಯಲ್ಲಿ ಹಳದಿ ವೈರು ಕಂಡರೆ ನೀವು ಕೈ ಹಾಕಬೇಡಿ. ಮೇಷ್ಟ್ರ ಗಾಡಿಗೆ ಆ ಚಿಂತೆ ಇಲ್ಲ.)

ಸೀಟನ್ನು ಹೊರಗೆ ತಂದು, ಹಳೇ ಚಾಪೆಯ ಮೇಲೆ ಬೋರಲು ಹಾಕಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪುಡಿಯಾದ ಫೋಮಿನ ಧೂಳು ಒಳ್ಳೆಯದಲ್ಲ. ಅದಕ್ಕಿಂತ ಹೆಚ್ಚಾಗಿ, ಶೆಡ್ಡಿನಲ್ಲಿ ನಿಂತ ಗಾಡಿಗಳ ಸೀಟಿನಲ್ಲಿ ಇಲಿ ಗೂಡು ಮಾಡಿರುತ್ತದೆ. ಮೆಕ್ಕೆಜೋಳದ ಸುಗ್ಗಿ ಆದಮೇಲೆ ಹಳ್ಳಿಗಳಿಂದ ಬರುವ ಸೀಟು ಬಿಚ್ಚಿದರೆ ಒಳಗೆ ಅರ್ಧ ಸೇರು ಕಾಳು ಸಿಗುತ್ತದೆ. ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಅಂಥ ವಾಸನೆ ಬಂದರೆ ಕೈಗವಸು ಹಾಕದೆ ಮುಟ್ಟಬೇಡಿ, ಆ ಫೋಮನ್ನು ಉಳಿಸಲೂ ಹೋಗಬೇಡಿ.

ಮಗುಚಿದ ಮೇಲೆ ನಿಮ್ಮ ತಂತಿಯನ್ನು ನೋಡಿ. ಎರಡು ಸಾಧ್ಯತೆ. ಒಂದು, ತಂತಿ ಗಟ್ಟಿಯಾಗಿದೆ, ಅದನ್ನು ಹಿಡಿದಿದ್ದ ಕೊಕ್ಕೆಯೋ ಕ್ಲಿಪ್ಪೋ ಮಾತ್ರ ಹೋಗಿದೆ. ಹಾಗಿದ್ದರೆ ನಿಮ್ಮ ಅದೃಷ್ಟ. ಇಕ್ಕಳದಲ್ಲಿ ಎಳೆದು ಕೂರಿಸಿ, ಕೊಕ್ಕೆಯ ಬಾಯಿ ಬಿಗಿ ಮಾಡಿದರೆ ಆಯಿತು. ಎಳೆಯುವಾಗ ಮುಖ ದೂರ ಇಡಿ, ಸ್ಪ್ರಿಂಗ್ ತಂತಿ ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ಎರಡನೆಯದು, ತಂತಿಯೇ ಬಾಗಿದ ಜಾಗದಲ್ಲಿ ತುಂಡಾಗಿದೆ. ಆಗ ಎಲ್ಲರೂ ಓಡುವುದು ವೆಲ್ಡಿಂಗ್ ಶಾಪಿಗೆ. ಹೋಗಬೇಡಿ. ಸ್ಪ್ರಿಂಗ್ ಉಕ್ಕಿಗೆ ಬೆಂಕಿ ತಾಗಿದರೆ ಅದರ ಹದ ಕೆಡುತ್ತದೆ. ಬೆಸುಗೆ ನಿಲ್ಲುತ್ತದೆ, ಪಕ್ಕದಲ್ಲಿ ಮತ್ತೆ ಮುರಿಯುತ್ತದೆ. ಗುಜರಿ ಅಂಗಡಿಯಲ್ಲಿ ಅದೇ ಅಗಲದ ಹಳೇ ಸೀಟಿನ ತಂತಿ ಹುಡುಕಿ. ಮಾರುತಿ 800 ಬರುವುದು 2014ರಲ್ಲೇ ನಿಂತಿತು ನಿಜ, ಆದರೆ ಓಡಿದ ಗಾಡಿಗಳು ಲೆಕ್ಕವಿಲ್ಲದಷ್ಟು. ಗುಜರಿಯಲ್ಲಿ ಅದರ ಸೀಟು ಸಿಗದ ಊರಿಲ್ಲ. ಫ್ರೇಮ್ ಬಿರುಕು ಬಿಟ್ಟಿದ್ದರೆ ಮಾತ್ರ ವೆಲ್ಡಿಂಗ್ ಬೇಕು. ಆಗ ಫೋಮ್, ಬಟ್ಟೆ ಎಲ್ಲ ತೆಗೆದು ಬರೀ ಕಬ್ಬಿಣ ಕೊಡಿ. ಫೋಮಿಗೆ ಕಿಡಿ ಬಿದ್ದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ.

ತಂತಿ ಕೂತಮೇಲೆ ಒಂದು ನಿಮಿಷ ನಿಲ್ಲಿ. ಸೀಟನ್ನು ನೆಟ್ಟಗೆ ಇಟ್ಟು ಮೇಲೆ ಕೂತು ನೋಡಿ. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗಿರುತ್ತದೆ. ಎಷ್ಟೋ ಗಿರಾಕಿಗಳು ಈ ಹಂತದಲ್ಲೇ "ಸಾಕು ಬಿಡಿ" ಅಂತ ಸೀಟು ಹೊತ್ತುಕೊಂಡು ಹೋಗಿದ್ದಾರೆ. ನಿಮ್ಮದರಲ್ಲಿ ಪುಡಿ ಉದುರುತ್ತಿದೆ, ಹಾಗಾಗಿ ಮುಂದೆ ಹೋಗಲೇಬೇಕು.

ರೆಕ್ಸಿನ್ ಕವರು ಫ್ರೇಮಿಗೆ ಸಣ್ಣ ಕಬ್ಬಿಣದ ರಿಂಗುಗಳಿಂದ ಹಿಡಿದಿರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಒಂದೊಂದೇ ಕತ್ತರಿಸಿ. ಕವರನ್ನು ಎಳೆದು ಹರಿಯಬೇಡಿ. ಸೀಟಿನ ಮೇಲೆ ಗೆರೆ ಕಾಣುತ್ತದಲ್ಲ, ಆ ಗೆರೆಯ ಒಳಗೆ ಒಂದು ಸಣ್ಣ ಸರಿಗೆ ಇರುತ್ತದೆ. ಅದನ್ನು ಬಿಸಾಕಬೇಡಿ. ಅದು ಇಲ್ಲದಿದ್ದರೆ ಕವರು ಮತ್ತೆ ಆಕಾರಕ್ಕೆ ಕೂರುವುದಿಲ್ಲ, ಡೇರೆ ಹಾಕಿದ ಹಾಗೆ ಕಾಣುತ್ತದೆ.

ಈಗ ಫೋಮು. ಹಳೇದನ್ನು ಪೂರ್ತಿ ಎಸೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಕಂಪನಿಯ ಫೋಮ್ ಅಚ್ಚಿನಲ್ಲಿ ಹೊಯ್ದದ್ದು. ತೊಡೆಗೆ ಎಷ್ಟು, ಅಂಚಿಗೆ ಎಷ್ಟು, ಗೆರೆಗೆ ಎಲ್ಲಿ ತಗ್ಗು, ಎಲ್ಲ ಅದರಲ್ಲೇ ಇದೆ. ಅಂಗಡಿಯಲ್ಲಿ ಸಿಗುವುದು ಹಾಳೆ ಫೋಮ್. ಹಾಳೆಯಿಂದ ಆ ಆಕಾರ ಕಡೆಯುವುದು ನನ್ನಂಥ ಹಳಬನಿಗೂ ಅರ್ಧ ದಿನದ ಕೆಲಸ. ಬೆರಳಿನಲ್ಲಿ ಚಿವುಟಿ ನೋಡಿ. ಚಿವುಟಿದ ಜಾಗ ಪಟ್ಟನೆ ವಾಪಸ್ ಬಂದರೆ ಆ ಫೋಮಿಗೆ ಇನ್ನೂ ಜೀವ ಇದೆ. ಚಿವುಟಿದರೆ ಉದುರಿ ಕೈಗೆ ಬಂದರೆ ಸತ್ತಿದೆ. ಸಾಮಾನ್ಯವಾಗಿ ಬಲ ಅಂಚು, ಕೂರುವ ಮೂಳೆಯ ಅಡಿಯ ಎರಡು ಜಾಗ, ಮತ್ತು ತಂತಿ ಉಜ್ಜಿದ ಅಡಿಭಾಗ ಇಷ್ಟೇ ಸತ್ತಿರುತ್ತದೆ. ಉಳಿದದ್ದು ಗಟ್ಟಿ.

ಫೋಮ್ ಸಾಯುವುದು ಬರೀ ಭಾರಕ್ಕಲ್ಲ. ಇದು ಪಾಲಿಯುರಿಥೇನ್, ಒಂದು ಬಗೆಯ ಪ್ಲಾಸ್ಟಿಕ್. ಗಾಳಿ, ಬಿಸಿ, ಬೆಳಕು ಮೂರೂ ಸೇರಿ ನಿಧಾನಕ್ಕೆ ಅದನ್ನು ಹಳದಿ ಮಾಡಿ, ಬಿರುಸು ಮಾಡಿ, ಪುಡಿ ಮಾಡುತ್ತವೆ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಹೊರಗೇ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಎಷ್ಟಿರಬಹುದು ನೀವೇ ಯೋಚಿಸಿ. ಅದಕ್ಕೇ ತೊಳೆದ ಫೋಮನ್ನು ಯಾವತ್ತೂ ಬಿಸಿಲಿಗೆ ಒಣಹಾಕಬೇಡಿ. ನೆರಳಲ್ಲಿ, ಗಾಳಿಗೆ.

ಜೀವ ಇದೆ ಆದರೆ ಚಪ್ಪಟೆಯಾಗಿದೆ ಅನ್ನುವ ಭಾಗಕ್ಕೆ ಒಂದು ಸುಲಭದ ಉಪಾಯ ಉಂಟು. ಒದ್ದೆ ಬಟ್ಟೆ ಹಾಸಿ, ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒತ್ತದೆ ಹಗುರಾಗಿ ಆಡಿಸಿ, ಹಬೆ ಒಳಗೆ ಇಳಿಯಲಿ. ಕಣ್ಣೆದುರೇ ಸ್ವಲ್ಪ ಉಬ್ಬುತ್ತದೆ. ಪೂರ್ತಿ ಒಣಗಲು ಒಂದು ದಿನ ಬಿಡಿ. ಪುಡಿಯಾದದ್ದಕ್ಕೆ ಇದು ನಾಟುವುದಿಲ್ಲ.

ಸತ್ತ ಭಾಗಕ್ಕೆ ಹೊಸ ಫೋಮ್ ಬೇಕು. ಜನ ಹೆಚ್ಚಾಗಿ ಮೋಸ ಹೋಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಅಂಗಡಿಯಲ್ಲಿ ಎಲ್ಲರೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. "ಇದು ಗಟ್ಟಿ ಇದೆ, ಇದೇ ಕೊಡಿ" ಎನ್ನುತ್ತಾರೆ. ಗಟ್ಟಿ ಬೇರೆ, ಬಾಳಿಕೆ ಬೇರೆ. ಬಾಳಿಕೆ ಹೇಳುವುದು ಡೆನ್ಸಿಟಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಅನ್ನುವುದೇ ಡೆನ್ಸಿಟಿ. 40 ಡೆನ್ಸಿಟಿ ಅಂದರೆ ಘನ ಮೀಟರಿಗೆ 40 ಕೆ.ಜಿ. ಕಡಿಮೆ ಡೆನ್ಸಿಟಿಯ ಫೋಮನ್ನೂ ಕಾರ್ಖಾನೆಯಲ್ಲಿ ಗಟ್ಟಿ ಮಾಡಿ ತೆಗೆಯಬಹುದು. ಹೆಬ್ಬೆರಳಿಗೆ ಗಟ್ಟಿ ಅನ್ನಿಸುತ್ತದೆ, ಆರು ತಿಂಗಳಿಗೆ ಕುಸಿಯುತ್ತದೆ. ಹೆಚ್ಚು ಡೆನ್ಸಿಟಿ ಇರುವ ಮೆತ್ತನೆ ಫೋಮ್ ವರ್ಷಗಟ್ಟಲೆ ಬಾಳುತ್ತದೆ. ಡ್ರೈವರ್ ಸೀಟಿಗೆ 40ಕ್ಕಿಂತ ಕಡಿಮೆ ಹಾಕಬೇಡಿ. ಎಚ್‌ಆರ್ ಫೋಮ್ ಅಂತ ಕೇಳಿ. ಒತ್ತಿ ಬಿಟ್ಟರೆ ಚೆಂಡಿನ ಹಾಗೆ ಪುಟಿಯುವ ಜಾತಿ ಅದು.

ಅಂಗಡಿಯವರು 40 ಅಂದರೆ 40 ಅಂತ ನಂಬಬೇಕಾ? ಬೇಡ, ತೂಕ ಹಾಕಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡಿಂಚು ದಪ್ಪದ ತುಂಡು ತೆಗೆದುಕೊಳ್ಳಿ. ನಿಮ್ಮ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಅದು 40 ಡೆನ್ಸಿಟಿಯದಾದರೆ ಸುಮಾರು 755 ಗ್ರಾಂ ತೂಗಬೇಕು. 32ರದಾದರೆ 600 ಗ್ರಾಂ. 430 ಗ್ರಾಮಿನ ಹತ್ತಿರ ಬಂದರೆ ಅದು 23, ದಿಂಬಿಗೆ ಸರಿ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ನಾನೇ ಒಂದು ಸಲ ಲೋಡುಗಟ್ಟಲೆ ತರಿಸಿ, ಚೀಟಿ ಮೇಲೆ 40 ಅಂತ ಬರೆದಿದ್ದನ್ನು ನಂಬಿ ಕೆಟ್ಟಿದ್ದೇನೆ. ತೂಕ ಹಾಕಿದರೆ 28 ಬಂತು. ಇನ್ನೊಂದು ಕಿತಾಪತಿಯೂ ಇದೆ. ತೂಕ ಬರಲಿ ಅಂತ ಫೋಮಿನೊಳಗೆ ಸುಣ್ಣದ ಪುಡಿಯಂಥದ್ದನ್ನು ಬೆರೆಸಿರುತ್ತಾರೆ. ಕತ್ತರಿಸಿದ ಅಂಚನ್ನು ಕಪ್ಪು ಬಟ್ಟೆಯ ಮೇಲೆ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ವಾಪಸ್ ಕೊಡಿ.

ಇದರ ಜೊತೆಗೆ ಒಂದು ತುಂಡು ರೀಬಾಂಡೆಡ್ ಫೋಮ್ ತನ್ನಿ. ಬಣ್ಣ ಬಣ್ಣದ ಚೂರುಗಳನ್ನು ಒತ್ತಿ ಮಾಡಿದ್ದು, ಸಂತೆಯಲ್ಲಿ ಬಟ್ಟೆ ಚೂರು ರಾಶಿ ಹಾಕಿದ ಹಾಗೆ ಕಾಣುತ್ತದೆ. ಅದು ಗಟ್ಟಿ. ಕೂರುವುದಕ್ಕೆ ಸುಖ ಇಲ್ಲ, ಆದರೆ ಬಲ ಅಂಚಿನ ಒಳಗಡೆ, ಅಡಿಯಲ್ಲಿ, ಆಧಾರಕ್ಕೆ ಅದರಂಥದ್ದಿಲ್ಲ.

ಕತ್ತರಿಸುವುದಕ್ಕೆ ಹೊಸ ಹ್ಯಾಕ್ಸಾ ಬ್ಲೇಡ್ ಸಾಕು, ಫ್ರೇಮ್ ಬೇಡ, ಒಂದು ತುದಿಗೆ ಬಟ್ಟೆ ಸುತ್ತಿಕೊಳ್ಳಿ. ಸತ್ತ ಭಾಗವನ್ನು ಗಟ್ಟಿ ಫೋಮ್ ಸಿಗುವವರೆಗೆ ತೆಗೆಯಿರಿ. ಹಲ್ಲು ಡಾಕ್ಟರು ಹುಳುಕು ತೆಗೆಯುವ ಹಾಗೆ. ಅರ್ಧ ಬಿಟ್ಟರೆ ಅಂಟು ಹಿಡಿಯುವುದು ಪುಡಿಗೆ, ಫೋಮಿಗಲ್ಲ. ಗುಳಿಯ ಗೋಡೆಯನ್ನು ನೇರ ಕಡಿಯಬೇಡಿ, ಓರೆಯಾಗಿ ಕಡಿಯಿರಿ. ನೇರ ಸಂದಿ ತೊಡೆಗೆ ಒತ್ತುತ್ತದೆ. ಹೊಸ ತುಂಡನ್ನು ಗುಳಿಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ದೊಡ್ಡದು ಮಾಡಿ. ಒತ್ತಿ ತುಂಬಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ಗುಳಿ ಆಳವಾಗಿದ್ದರೆ ಅಡಿಯಲ್ಲಿ ಒಂದಿಂಚು ರೀಬಾಂಡೆಡ್, ಮೇಲೆ ಎಚ್‌ಆರ್.

ಅಂಟಿಗೆ ರೆಕ್ಸಿನ್ ಅಂಗಡಿಯಲ್ಲಿ ಸಿಗುವ ಹಳದಿ ರಬ್ಬರ್ ಸೊಲ್ಯೂಷನ್. ಮನೆಯಲ್ಲಿರುವ ಬಿಳಿ ಮರಗೆಲಸದ ಅಂಟು ಬೇಡ. ಅದು ಒಣಗಿದರೆ ಕಲ್ಲು, ಕೂತಾಗೆಲ್ಲ ಚಟ್ ಚಟ್ ಅನ್ನುತ್ತದೆ. ಎರಡೂ ಮುಖಕ್ಕೆ ತೆಳ್ಳಗೆ ಸವರಿ ಬಿಡಿ. ಬೆರಳಿಗೆ ಜಿಗುಟು ತಾಗಬೇಕು, ಅಂಟು ಮಾತ್ರ ಬೆರಳಿಗೆ ಬರಬಾರದು. ಅಷ್ಟು ಒಣಗಲು ಹತ್ತು ನಿಮಿಷ ಆದೀತು. ಆಮೇಲೆ ಜೋಡಿಸಿ. ಒಮ್ಮೆ ಹಿಡಿದರೆ ಸರಿಸಲು ಆಗುವುದಿಲ್ಲ, ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಈ ಕೆಲಸ ವರಾಂಡದಲ್ಲೋ ಹಿತ್ತಲಲ್ಲೋ ಆಗಲಿ. ಮುಚ್ಚಿದ ಕೋಣೆಯಲ್ಲಿ ತಲೆ ತಿರುಗುತ್ತದೆ. ಹತ್ತಿರ ಒಲೆ, ಬೀಡಿ, ಊದುಬತ್ತಿ ಯಾವುದೂ ಬೇಡ.

ಅಂಟು ಹಿಡಿದ ಮೇಲೆ ಹೊಸ ತುಂಡು ಎದ್ದು ಕಾಣುತ್ತದೆ, ಹೆದರಬೇಡಿ. ದಪ್ಪ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜುತ್ತಾ ಬನ್ನಿ. ಕಣ್ಣಿಗಿಂತ ಅಂಗೈ ನಂಬಿ. ಕಣ್ಣು ಮುಚ್ಚಿ ಸವರಿದರೆ ಏರುತಗ್ಗು ಚೆನ್ನಾಗಿ ಗೊತ್ತಾಗುತ್ತದೆ. ಪಕ್ಕದ ಸೀಟಿನ ಅಳತೆ ತೆಗೆದು ಹೋಲಿಸಿ. ಕೊನೆಗೆ ಇಡೀ ಫೋಮಿನ ಮೇಲೆ ಕಾಲಿಂಚಿನ ಮೆತ್ತನೆ ಫೋಮ್ ಹಾಳೆ ಒಂದು ಹೊದಿಸಿ. ತೇಪೆ ಎಲ್ಲಿದೆ ಅಂತ ಕೂತವರಿಗೆ ಗೊತ್ತಾಗಬಾರದು. ಮೆತ್ತನೆ ಫೋಮಿಗೆ ಸೀಟಿನಲ್ಲಿ ಇರುವ ಕೆಲಸ ಇದೊಂದೇ.

ಫೋಮನ್ನು ತಂತಿಯ ಮೇಲೆ ಇಡುವ ಮುಂಚೆ ನಡುವಿನ ಬಟ್ಟೆ ಮರೆಯಬೇಡಿ. ನಿಮ್ಮದರಲ್ಲಿ ಅದು ಹರಿದು ಚಿಂದಿಯಾಗಿರುತ್ತದೆ, ಇಲ್ಲದಿದ್ದರೆ ಇಷ್ಟು ಪುಡಿ ಬರುತ್ತಿರಲಿಲ್ಲ. ಒಳ್ಳೆಯ ಗೋಣಿಚೀಲ ಸಿಕ್ಕರೆ ತೊಳೆದು ಒಣಗಿಸಿ ಎರಡು ಪದರ ಹಾಕಿ. ಹಳೇ ಕ್ಯಾನ್ವಾಸ್ ತಾಡಪಾಲು ಇನ್ನೂ ಒಳ್ಳೆಯದು. ಈಗ ಮಂಡಿಯಲ್ಲಿ ಜಾಸ್ತಿ ಸಿಗುವ ಪ್ಲಾಸ್ಟಿಕ್ ಚೀಲ ಬೇಡ. ಅದು ಜಾರುತ್ತದೆ, ಹೊಳಲ್ಕೆರೆ ತನಕ ಕಿರ್ ಕಿರ್ ಅಂತ ಹಾಡುತ್ತದೆ. ಬಟ್ಟೆಯನ್ನು ಅಂಚಿನ ತಂತಿಗೆ ದಬ್ಬಣದಲ್ಲಿ ಹೊಲಿದುಬಿಡಿ. ಸರಿಯದಿದ್ದರೆ ಸಾಕು.

ಭಾವನವರ ಅರಳೆಯ ವಿಷಯ. ದಾವಣಗೆರೆಯವರು ಅರಳೆ ಅನ್ನದೆ ಇನ್ನೇನು ಅಂದಾರು! ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ಊರು, ಮನೆಮನೆಗೂ ಅರಳೆ ಗಾದಿ. ಗಾದಿಗೆ ಅರಳೆಯಂಥದ್ದಿಲ್ಲ, ನಾನೂ ಅದರ ಮೇಲೇ ಮಲಗುವುದು. ಆದರೆ ಗಾದಿಯನ್ನು ನಾವು ಬಿಸಿಲಿಗೆ ಹಾಕುತ್ತೇವೆ, ಬಡಿಯುತ್ತೇವೆ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸುತ್ತೇವೆ. ಕಾರಿನ ಸೀಟಿಗೆ ಅದೆಲ್ಲ ಯಾರು ಮಾಡುತ್ತಾರೆ? ಅರಳೆ ಅದುಮಿ ಗಂಟುಗಟ್ಟುತ್ತದೆ. ಬೆವರು, ಮಳೆನೀರು ಹೀರಿ ಮುಗ್ಗಲು ವಾಸನೆ ಬರುತ್ತದೆ, ಇಲಿಗೆ ಹಬ್ಬ. ಮುಖ್ಯವಾಗಿ ಅದಕ್ಕೆ ಪುಟಿಯುವ ಗುಣ ಇಲ್ಲ. ಹಳೇ ಅಂಬಾಸಿಡರ್ ಸೀಟಿನಲ್ಲಿ ಅರಳೆ ಇತ್ತಲ್ಲ ಅಂತ ಅವರು ಕೇಳಬಹುದು. ಆ ಸೀಟುಗಳಲ್ಲಿ ಪುಟಿಯುವ ಕೆಲಸ ಅಡಿಯ ಸ್ಪ್ರಿಂಗುಗಳದು. ಮೇಲಿನ ನಾರು, ಅರಳೆ ಬರೀ ಹೊದಿಕೆ.

ಸ್ಪ್ರೇ ಫೋಮ್ ಅಂತೂ ಬೇಡವೇ ಬೇಡ. ಅದು ಕಿಟಕಿ ಬಾಗಿಲಿನ ಸಂದಿ ಮುಚ್ಚುವ ವಸ್ತು. ಉಬ್ಬುವಾಗ ನೋಡಲು ಚಂದ. ಒಣಗಿದರೆ ಬಿರುಸು. ನಾಲ್ಕು ದಿನ ಕೂತರೆ ಒಳಗೆ ಹಪ್ಪಳದ ಹಾಗೆ ಮುರಿದು ಚೂರಾಗುತ್ತದೆ, ಅದರ ಜೊತೆ ಅಂಟಿಕೊಂಡ ಒಳ್ಳೆಯ ಫೋಮೂ ಹೋಗುತ್ತದೆ. ಅಂಥ ಸೀಟು ಬಂದರೆ ನಾನು ಒಳಗಿನದನ್ನೆಲ್ಲ ಎಸೆದು ಮೊದಲಿಂದ ಮಾಡಬೇಕಾಗುತ್ತದೆ.

ಕವರು ವಾಪಸ್ ಹಾಕುವುದು ಮನೆಯಲ್ಲಿ ಮಾಡುವವರಿಗೆ ಅಳು ಬರಿಸುವ ಕೆಲಸ. ಹೊಸ ಫೋಮ್ ಉಬ್ಬಿರುತ್ತದೆ, ಹಳೇ ರೆಕ್ಸಿನ್ ಕುಗ್ಗಿರುತ್ತದೆ. ಇಲ್ಲಿ ನಮ್ಮ ಬಿಸಿಲೇ ಸಹಾಯಕ್ಕೆ ಬರುತ್ತದೆ. ಕವರನ್ನು ಒಳಮಗ್ಗುಲು ಮೇಲೆ ಮಾಡಿ ಅರ್ಧ ಗಂಟೆ ಬಿಸಿಲಲ್ಲಿ ಹರಡಿ, ಮೆತ್ತಗಾಗುತ್ತದೆ. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಕವರು ಜಾರಿಸಿ. ಸರಿಯಾಗಿ ಕೂತಮೇಲೆ ಹಾಳೆಯನ್ನು ಎಳೆದುಬಿಡಿ. ಮೊದಲು ಗೆರೆಯ ಸರಿಗೆ ಕಟ್ಟಿ, ಆಮೇಲೆ ಮುಂದಿನ ಅಂಚು, ಹಿಂದಿನದು, ಕೊನೆಗೆ ಪಕ್ಕಗಳು. ಹೊಸ ರಿಂಗ್ ಸಿಗದಿದ್ದರೆ ಅಡಿಯಲ್ಲಿ ಪ್ಲಾಸ್ಟಿಕ್ ಟೈ ಹಾಕಬಹುದು, ತಪ್ಪೇನಿಲ್ಲ. ಕಟ್ಟಡದವರ ಬೈಂಡಿಂಗ್ ತಂತಿ ಮಾತ್ರ ಹಾಕಬೇಡಿ. ಅದರ ತುದಿ ಒಂದಲ್ಲ ಒಂದು ದಿನ ಪ್ಯಾಂಟಿಗೆ ಸಿಕ್ಕುತ್ತದೆ.

ಕವರಿನ ಬಲ ಅಂಚಿನ ಹೊಲಿಗೆ ಬಿಟ್ಟಿದ್ದರೆ ಅಥವಾ ರೆಕ್ಸಿನ್ ಬಿರುಕಾಗಿದ್ದರೆ, ಅದೊಂದನ್ನು ಅಂಗಡಿಯವರಿಗೆ ಕೊಡಿ. ಮನೆಯ ಹೊಲಿಗೆ ಮಿಷನ್ ಇದಕ್ಕೆ ಆಗುವುದಿಲ್ಲ, ಸೂಜಿ ಮುರಿಯುತ್ತದೆ. ಹಾಳಾದ ಪಟ್ಟಿ ಮಾತ್ರ ಬದಲಿಸಿ ಅನ್ನಿ. ಕೂರುವ ನಡುವಿನ ಭಾಗಕ್ಕೆ ರೆಕ್ಸಿನ್ ಬದಲು ದಪ್ಪ ಬಟ್ಟೆ ಹಾಕಿಸಿದರೆ ನಮ್ಮ ಸೆಕೆಗೆ ಒಳ್ಳೆಯದು. ಸೀಟಿನ ಮೇಲೆ ಟರ್ಕಿ ಟವೆಲ್ ಹಾಸುವ ಅಭ್ಯಾಸ ಇದ್ದರೆ ಹಾಸಿ, ಅದು ಬೆವರು ಹೀರುತ್ತದೆ. ಆದರೆ ಜಾರದ ಹಾಗೆ ಹಿಂದೆ ಸಿಕ್ಕಿಸಿ.

ಇನ್ನು ನೀವೇ ಮಾಡಬಹುದಾ ಅಂತ ಕೇಳಿದ್ದಿರಿ. ಎರಡು ಭಾನುವಾರ ಇದ್ದರೆ ಮಾಡಬಹುದು. ಮೊದಲನೆಯ ಭಾನುವಾರ ಬಿಚ್ಚಿ, ತಂತಿ ಕೂರಿಸಿ, ಏನೇನು ಬೇಕು ಅಂತ ನೋಡಿ. ಎರಡನೆಯದಕ್ಕೆ ಫೋಮ್. ನಡುವಿನ ವಾರ ಬಸ್ಸಿನಲ್ಲಿ ಹೋಗಿ. ಸೀಟಿಲ್ಲದ ಗಾಡಿಯಲ್ಲಿ ಕುರ್ಚಿ ಇಟ್ಟುಕೊಂಡು ಓಡಿಸುವ ಸಾಹಸ ಬೇಡ, ಅಂಥವರನ್ನೂ ನೋಡಿದ್ದೇನೆ. ಅಷ್ಟು ಪುರುಸೊತ್ತಿಲ್ಲ ಅಂದರೆ ಅಂಗಡಿಗೇ ಕೊಡಿ, ಆದರೆ ಮೂರು ಮಾತು ಹೇಳಿ ಕೊಡಿ. ಅಡಿಯ ತಂತಿ ನನ್ನೆದುರು ಸರಿ ಮಾಡಿ. ಫೋಮ್ ತೂಕ ಹಾಕಿ ತೋರಿಸಿ. ಎತ್ತರ ಪಕ್ಕದ ಸೀಟಿನಷ್ಟೇ ಇರಲಿ. ಇಷ್ಟು ಕೇಳಿದವರಿಗೆ ಯಾವ ಅಂಗಡಿಯವರೂ ಅಡ್ಡಾದಿಡ್ಡಿ ಕೆಲಸ ಮಾಡಿಕೊಡುವುದಿಲ್ಲ. ಈ ಕೆಲಸದಲ್ಲಿ ಸಾಮಾನಿಗಿಂತ ಕೂಲಿಯೇ ಜಾಸ್ತಿ, ಆದ್ದರಿಂದ ಫೋಮಿನಲ್ಲಿ ಉಳಿಸಲು ಹೋಗಬೇಡಿ.

ಸೀಟು ಸರಿಯಾದ ಮೇಲೆ ಬೋಲ್ಟುಗಳನ್ನು ನಾಲ್ಕೂ ಕೈಯಲ್ಲೇ ಹಿಡಿಸಿ, ಸೀಟನ್ನು ಹಿಂದೆ ಮುಂದೆ ಒಮ್ಮೆ ಜಾರಿಸಿ ನೋಡಿ, ಆಮೇಲೆ ಬಿಗಿಯಿರಿ. ಮೊದಲೇ ಒಂದನ್ನು ಬಿಗಿದರೆ ರೈಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಫೋಮ್ ಆರಂಭದಲ್ಲಿ ತುಸು ಎತ್ತರ ಅನ್ನಿಸುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪ ಕೂರುತ್ತದೆ. ಅದಕ್ಕಿಂತ ಮುಂಚೆ ಕನ್ನಡಿ ತಿರುಗಿಸಿ ತಿರುಗಿಸಿ ಬೇಜಾರಾಗಬೇಡಿ.

ಸೊಂಟ ನೋವಿನ ಮಾತು ಉಳಿಯಿತು. ಒಂದು ಕಡೆ ಇಂಚು ತಗ್ಗಿದ ಸೀಟ್ ಮೇಲೆ ದಿನಾ ಕೂತರೆ ಬೆನ್ನು ಬಳುಕದೆ ಇರುತ್ತಾ? ಸೀಟು ಮಟ್ಟವಾದರೆ ನೋವು ಕಡಿಮೆಯಾಗಬೇಕು. ಆಗದಿದ್ದರೆ ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹಾಕಿ ನೋಡಿ. ದಪ್ಪ ಪರ್ಸ್ ಇಟ್ಟುಕೊಂಡು ಕೂರುವವರು ಸರಿಯಾದ ಸೀಟನ್ನೂ ಓರೆ ಮಾಡಿಕೊಳ್ಳುತ್ತಾರೆ. ಪರ್ಸ್ ತೆಗೆದರೂ ನೋವು ಹೋಗದಿದ್ದರೆ ನನ್ನ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ.